ಎಂಜಿನ್ ಬದಲಾವಣೆ: ಆಫ್-ರೋಡ್ ವಾಹನಗಳಿಗೆ ಡೀಸೆಲ್ ಬಂದ ದಾರಿ

ರಸ್ತೆಯಿಲ್ಲದ ಕಡೆ ಓಡಾಡುವ ವಾಹನಕ್ಕೆ ವೇಗಕ್ಕಿಂತ ಹೆಚ್ಚಾಗಿ ಬೇಕಾದುದು, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಚಕ್ರಕ್ಕೆ ಸಿಗುವ ಎಳೆತದ ಬಲ. ಡೀಸೆಲ್ ಎಂಜಿನ್ ಈ ಬಲವನ್ನು ಸಹಜವಾಗಿಯೇ ಕೊಡುತ್ತದೆ. ಕಿಡಿ ಹೊತ್ತಿಸುವ ಪ್ಲಗ್ಗು, ಡಿಸ್ಟ್ರಿಬ್ಯೂಟರುಗಳ ಗೊಡವೆ ಇಲ್ಲದ್ದರಿಂದ ಹಳ್ಳ ದಾಟುವಾಗ ನೀರು ಸಿಡಿದರೂ ನಿಲ್ಲುವುದಿಲ್ಲ. ಅಷ್ಟೇ ಇಂಧನದಲ್ಲಿ ಹೆಚ್ಚು ದೂರ ಸಾಗುತ್ತದೆ. ಇಷ್ಟಾದರೂ ಈ ವಾಹನಗಳ ಮೊದಲ ತಲೆಮಾರು ಪೆಟ್ರೋಲನ್ನೇ ನೆಚ್ಚಿಕೊಂಡಿತ್ತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿದ್ದುದು 2.2 ಲೀಟರಿನ ಪೆಟ್ರೋಲ್ ಎಂಜಿನ್. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್‌ನಲ್ಲಿದ್ದುದು 1.6 ಲೀಟರಿನದು. ಆಗಿನ ಡೀಸೆಲ್ ಎಂಜಿನ್‌ಗಳು ಲಾರಿ, ಟ್ರ್ಯಾಕ್ಟರ್, ದೋಣಿಗಳಿಗೆ ಹೇಳಿ ಮಾಡಿಸಿದ ಭಾರದವು, ಸಣ್ಣ ಚಾಸಿಯ ಮೇಲೆ ಕೂರುವಂಥವಲ್ಲ.

ಈ ಅಂತರವನ್ನು ತುಂಬಲು ಹೊರಟವರಲ್ಲಿ ಮುಖ್ಯರು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 1932ರಲ್ಲಿ ಕಂಪನಿ ಆರಂಭಿಸಿದ ಫ್ರಾಂಕ್ ಪರ್ಕಿನ್ಸ್. ಹಗುರವಾದ, ವೇಗವಾಗಿ ತಿರುಗಬಲ್ಲ ಡೀಸೆಲ್ ಎಂಜಿನ್ ತಯಾರಿಸುವುದು ಅವರ ಗುರಿಯಾಗಿತ್ತು. ಪೆಟ್ರೋಲ್ ವಾಹನದ ಎಂಜಿನ್ ಇಳಿಸಿ ಆ ಜಾಗದಲ್ಲಿ ಪರ್ಕಿನ್ಸ್ ಕೂರಿಸುವುದು ಮುಂದೆ ಬ್ರಿಟನ್ನಿನಲ್ಲಿ ಮಾಮೂಲಿ ಕೆಲಸವೇ ಆಯಿತು. ಲ್ಯಾಂಡ್ ರೋವರ್ 1957ರಲ್ಲಿ ತನ್ನದೇ 2 ಲೀಟರ್ ಡೀಸೆಲ್ ಎಂಜಿನ್ ತಂದಿತು. 1961ರಿಂದ ಅಮೆರಿಕದ ಜೀಪ್ ಸಿಜೆ-5ರಲ್ಲಿ ಪರ್ಕಿನ್ಸ್ ಡೀಸೆಲ್ ಆಯ್ಕೆಯೂ ದೊರೆಯಿತು, ಆದರೆ ಕೊಂಡವರು ಕಡಿಮೆ. ಪೆಟ್ರೋಲ್ ಅಗ್ಗವಾಗಿದ್ದ ಕಾಲದಲ್ಲಿ, ಅಷ್ಟು ಸದ್ದು ಮಾಡುವ ನಿಧಾನದ ಎಂಜಿನ್ನಿಗೆ ಹೆಚ್ಚು ಹಣ ಕೊಡಲು ಅಲ್ಲಿನವರಿಗೆ ಕಾರಣವೇ ಇರಲಿಲ್ಲ.

1973ರ ತೈಲ ಬಿಕ್ಕಟ್ಟು ಆ ಕಾರಣವನ್ನು ಒದಗಿಸಿತು. ಆದರೆ ಎಲ್ಲ ದೇಶಗಳೂ ಒಂದೇ ದಾರಿ ಹಿಡಿಯಲಿಲ್ಲ. ಟೊಯೋಟಾ ತನ್ನ ಲ್ಯಾಂಡ್ ಕ್ರೂಸರ್‌ಗೆ ಗಟ್ಟಿಮುಟ್ಟಾದ ಡೀಸೆಲ್ ಎಂಜಿನ್‌ಗಳನ್ನು ಕೊಡುತ್ತ ಹೋದರೂ ಅಮೆರಿಕದ ಗ್ರಾಹಕರಿಗೆ ಅವು ಸಿಗಲಿಲ್ಲ. ಅಲ್ಲಿ 1978ರಲ್ಲಿ ಬಂದ ಓಲ್ಡ್ಸ್‌ಮೊಬೈಲ್‌ನ 5.7 ಲೀಟರ್ ವಿ8 ಡೀಸೆಲ್ ಎಂಜಿನ್ ಡೀಸೆಲ್ ಎಂಬ ಬಗೆಗೇ ಕೆಟ್ಟ ಹೆಸರು ತಂದಿತು: ಡೀಸೆಲ್ಲಿನ ಒತ್ತಡವನ್ನು ಹೆಡ್ ಬೋಲ್ಟ್‌ಗಳು ತಡೆಯಲಿಲ್ಲ, ಇಂಧನದಲ್ಲಿನ ನೀರನ್ನು ಬೇರ್ಪಡಿಸುವ ಸಾಧನವನ್ನು ಕೊಟ್ಟಿರಲಿಲ್ಲ. 1985ರಲ್ಲಿ ಅದರ ತಯಾರಿಕೆ ನಿಂತಿತು. ಮುಂದಿನ ಎರಡು ದಶಕ ಅಮೆರಿಕದಲ್ಲಿ ಡೀಸೆಲ್ ಜೀಪು ಬೇಕೆಂದವರಿಗೆ ಷೋರೂಮಿನಲ್ಲಿ ಹೆಚ್ಚೇನೂ ಸಿಗದೆ, ಗ್ಯಾರೇಜಿನಲ್ಲಿ ತಾವೇ ಮಾಡಿಕೊಳ್ಳುವುದು ದಾರಿಯಾಯಿತು. ಎಂಜಿನ್ ಬದಲಾವಣೆಯ ಚರಿತ್ರೆ ಬಹುಮಟ್ಟಿಗೆ ತಯಾರಕರು ಕೊಡದೇ ಹೋದುದರ ಚರಿತ್ರೆ ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್ನಿನ ಕತೆ ಇನ್ನೊಂದು ಬಗೆಯದು. 1989ರಲ್ಲಿ ಲ್ಯಾಂಡ್ ರೋವರ್ ಡಿಸ್ಕವರಿಯೊಂದಿಗೆ 200 ಟಿಡಿಐ ಎಂಬ 2.5 ಲೀಟರ್ ಟರ್ಬೊ ಡೀಸೆಲ್ ಎಂಜಿನ್ ಬಂತು: 111 ಅಶ್ವಶಕ್ತಿ, ಸುಮಾರು 265 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಡಿಸ್ಕವರಿಯ ಉಕ್ಕಿನ ಒಳಮೈ ತುಕ್ಕು ಹಿಡಿದು ಗುಜರಿ ಸೇರುವ ಹೊತ್ತಿಗೂ ಎಂಜಿನ್ ಇನ್ನೂ ಚೆನ್ನಾಗಿರುತ್ತಿತ್ತು. ಇತ್ತ ಅಲ್ಯೂಮಿನಿಯಂ ಮೈಯ ಹಳೆಯ ಲ್ಯಾಂಡ್ ರೋವರ್‌ಗಳು ದಣಿದ ಪೆಟ್ರೋಲ್ ಎಂಜಿನ್‌ಗಳೊಂದಿಗೆ ನಿಂತಿದ್ದವು. ಟಿಡಿಐ ಎಂಜಿನ್ ಹಳೆಯ 2.25 ಲೀಟರ್ ಎಂಜಿನ್ನಿನ ವಂಶದ್ದೇ ಆದ್ದರಿಂದ, ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವುದು ದೊಡ್ಡ ತೊಡಕಾಗಲಿಲ್ಲ. ತೊಡಕಿದ್ದುದು ಬೇರೆ ಕಡೆ: ಲ್ಯಾಂಡ್ ರೋವರ್‌ನ ಇನ್ನೊಂದು ಮಾದರಿಯಾದ ಡಿಫೆಂಡರ್‌ನ ಆವೃತ್ತಿಯಲ್ಲಿ ಟರ್ಬೊ ಮೇಲಿದ್ದರೆ ಡಿಸ್ಕವರಿಯದರಲ್ಲಿ ಅದು ಕೆಳಗೆ, ಚಾಸಿಯ ಪಕ್ಕಕ್ಕೆ ಬರುತ್ತಿತ್ತು, ಹಾಗಾಗಿ ಎಕ್ಸಾಸ್ಟ್ ಕೊಳವೆಯನ್ನು ಹೊಸದಾಗಿ ಬಾಗಿಸಿ ಬೆಸೆಯಬೇಕಿತ್ತು.

ಅಮೆರಿಕದಲ್ಲಿ ಆ ಸ್ಥಾನ ಪಡೆದುದು ಡೀಸೆಲ್ ಎಂಜಿನ್ ತಯಾರಕ ಕಮಿನ್ಸ್‌ನ ಬಿ ಸರಣಿ. 1989ರ ಡಾಡ್ಜ್ ಪಿಕಪ್‌ಗೆ ಬಂದ ಆರು ಸಿಲಿಂಡರಿನ 5.9 ಲೀಟರ್ ಎಂಜಿನ್ 160 ಅಶ್ವಶಕ್ತಿಯನ್ನೂ ಸುಮಾರು 540 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತಿತ್ತು, ಆದರೆ ತೂಕ ಹತ್ತಿರ ಹತ್ತಿರ ಅರ್ಧ ಟನ್. ಅದರ ನಾಲ್ಕು ಸಿಲಿಂಡರಿನ ಸೋದರ, 3.9 ಲೀಟರಿನ 4ಬಿಟಿ, ಬ್ರೆಡ್ಡು ಹಂಚುವ ವ್ಯಾನುಗಳಲ್ಲಿ ದುಡಿಯುತ್ತಿತ್ತು. ಆ ವ್ಯಾನುಗಳು ಗುಜರಿಗೆ ಬಂದಂತೆಲ್ಲ 4ಬಿಟಿ ಜೀಪುಗಳನ್ನೂ ಹಳೆಯ ಲ್ಯಾಂಡ್ ಕ್ರೂಸರ್‌ಗಳನ್ನೂ ಸೇರಿತು. ಅದರಲ್ಲಿ ಇಂಧನ ಚಿಮ್ಮಿಸುತ್ತಿದ್ದ ಬಾಷ್ ವಿಇ ಪಂಪು ಪೂರ್ತಿ ಯಾಂತ್ರಿಕ. ಇಂಧನ ಕಡಿಯುವ ಸೊಲೆನಾಯ್ಡಿಗೆ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟಕ್ಕೆ) ಒಂದು ತಂತಿಯಲ್ಲಿ ವಿದ್ಯುತ್ ಕೊಟ್ಟರೆ ಎಂಜಿನ್ ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರುಗಳಿಲ್ಲ. ಆ ಕಾಲದ ಬದಲಾವಣೆಗಳೆಲ್ಲ ಈ ಸರಳತೆಯ ಮೇಲೆ ನಿಂತಿದ್ದವು. 4ಬಿಟಿ ಸುಮಾರು 340 ಕಿಲೋ ತೂಗುತ್ತದೆ ಮತ್ತು ವಿಪರೀತ ನಡುಗುತ್ತದೆ ಎಂಬುದನ್ನೂ ಮರೆಯಬಾರದು. ಹಗುರ ಜೀಪಿನ ಮುಂದಿನ ಸ್ಪ್ರಿಂಗುಗಳು ಈ ಭಾರಕ್ಕೆ ಕುಸಿಯುತ್ತವೆ. ಸುಜುಕಿ ಸಮುರಾಯ್‌ನಂಥ ಪುಟ್ಟ ವಾಹನಕ್ಕೆ ಫೋಕ್ಸ್‌ವ್ಯಾಗನ್ನಿನ ಸಣ್ಣ ಡೀಸೆಲ್ ಆರಿಸಿದವರ ತಿಳಿವಳಿಕೆಯನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಎಂಜಿನ್ ಕೂರಿಸುವುದು ಕೆಲಸದ ಸುಲಭ ಭಾಗ. ಉಳಿದ ವಾಹನವನ್ನು ಅದಕ್ಕೆ ಒಗ್ಗಿಸುವುದೇ ಕಷ್ಟದ ಭಾಗ. 4ಬಿಟಿಯಂಥ ಎಂಜಿನ್ ನಿಮಿಷಕ್ಕೆ ಸುಮಾರು 2,500 ಸುತ್ತುಗಳಲ್ಲೇ ತನ್ನ ಶಕ್ತಿಯ ತುದಿ ಮುಟ್ಟುತ್ತದೆ. ಡಿಫರೆನ್ಷಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಬರುವ ದಂಡ ತಿರುಗುವ ಸುತ್ತುಗಳು) 4.10 ಇದ್ದು, ಟೈರಿನ ವ್ಯಾಸ 30 ಇಂಚು ಇದ್ದರೆ, ನೇರ ಟಾಪ್ ಗೇರಿನಲ್ಲಿ ಅಷ್ಟು ಸುತ್ತಿಗೆ ವೇಗ ಗಂಟೆಗೆ 88 ಕಿಲೋಮೀಟರ್ ಮಾತ್ರ, ಅನುಪಾತವನ್ನು 3.54ಕ್ಕೆ ಇಳಿಸಿದರೆ ಅದು 101 ಆಗುತ್ತದೆ. ಆದ್ದರಿಂದಲೇ ಆಕ್ಸಲ್ಲಿನ ಹಲ್ಲುಗಳನ್ನು ಬದಲಿಸುವುದೋ ಓವರ್‌ಡ್ರೈವ್ (ಎಂಜಿನ್ನಿಗಿಂತ ವೇಗವಾಗಿ ದಂಡ ತಿರುಗಿಸುವ ಗೇರು) ಇರುವ ಗೇರ್‌ಬಾಕ್ಸ್ ಹಾಕುವುದೋ ಅನಿವಾರ್ಯವಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ತಾನಾಗಿ ಹುಟ್ಟುವುದಿಲ್ಲ, ಅದಕ್ಕೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಇದನ್ನು ಮರೆತರೆ ಎಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ವಾಹನ ನಿಲ್ಲುವುದು ಕಷ್ಟ. ಹೆಚ್ಚುವರಿ ಇಂಧನ ಟ್ಯಾಂಕಿಗೆ ಮರಳಲು ಕೊಳವೆ, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಜಾಗ, ಆಕ್ಸಲ್ಲಿಗೆ ತಾಗದ ಆಯಿಲ್ ಸಂಪು, ಇವೆಲ್ಲವೂ ಒಂದೊಂದು ದಿನದ ಕೆಲಸಗಳು. ಕಡಿಮೆ ಟಾರ್ಕಿಗೆ ಮಾಡಿದ ಹಳೆಯ ಗೇರ್‌ಬಾಕ್ಸು ಲೋ ರೇಂಜಿನಲ್ಲಿ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರಿನಲ್ಲಿ) ಹೆಚ್ಚಿನ ಬಲ ತಡೆಯಲಾರದೆ ಮುರಿಯುವುದೂ ಉಂಟು.

1990ರ ದಶಕದ ಕೊನೆಯಲ್ಲಿ ಈ ಸರಳತೆ ಮುಗಿಯಿತು. 1998ರಲ್ಲಿ ಲ್ಯಾಂಡ್ ರೋವರ್‌ನ ಟಿಡಿ5 ಎಲೆಕ್ಟ್ರಾನಿಕ್ ನಿಯಂತ್ರಣದೊಂದಿಗೆ ಬಂತು. ಅದೇ ವರ್ಷ ಕಮಿನ್ಸ್‌ನ ಪಂಪೂ ಎಲೆಕ್ಟ್ರಾನಿಕ್ ಆಯಿತು. ಎಲ್ಲ ಸಿಲಿಂಡರುಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಇಂಧನ ಕೊಡುವ ಕಾಮನ್ ರೈಲ್ ಎಂಜಿನ್ನಿಗೆ ಅದರ ಕಂಪ್ಯೂಟರ್, ವೈರಿಂಗ್, ಸೆನ್ಸರುಗಳೆಲ್ಲ ಜೊತೆಯಲ್ಲೇ ಬರಬೇಕು. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ತನ್ನ ಕೀಲಿಯನ್ನು ಹುಡುಕುತ್ತದೆ, ಮಸಿ ಹಿಡಿಯುವ ಫಿಲ್ಟರಿಗೆ ಜಾಗವೂ ಶಾಖವೂ ಬೇಕು. ಈ ಉಪಕರಣಗಳು ಬೇಡದ ಹೊರೆಯೆಂದು ಬಿಚ್ಚಿ ಹಾಕುವವರ ವಾದವನ್ನು ನಾನು ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರ ವರದಿಯಲ್ಲಿ, ಸುಮಾರು ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಸಾಧನಗಳನ್ನು ತೆಗೆಯಲಾಗಿದೆ ಎಂದು ಅಂದಾಜಿಸಿತು. ಅವು ಎಂಜಿನ್ ಬದಲಿಸಿದ ವಾಹನಗಳಲ್ಲ, ಆದರೂ ಬದಲಾವಣೆಯ ಮೇಲಿನ ಕಣ್ಗಾವಲು ಬಿಗಿಯಾಗಲು ಇಂಥ ಅಂಕಿಗಳೇ ಹಿನ್ನೆಲೆ.

ಅಮೆರಿಕದ ಆ ಪರಿಸರ ಸಂಸ್ಥೆಯ ನಿಲುವಿನ ಪ್ರಕಾರ, ಎಂಜಿನ್ ಬದಲಿಸಿದ ವಾಹನವು ಅದೇ ಮಾದರಿ ವರ್ಷದ ಅಥವಾ ಅದಕ್ಕಿಂತ ಹೊಸದಾದ ಪ್ರಮಾಣೀಕೃತ ವಾಹನವೊಂದರ ಸ್ವರೂಪಕ್ಕೆ ಹೊಗೆ ನಿಯಂತ್ರಣ ಸಾಧನಗಳ ಸಮೇತ ಸರಿಹೊಂದಬೇಕು. ಭಾರೀ ವಾಹನಕ್ಕೆ ಪ್ರಮಾಣೀಕರಿಸಿದ ಎಂಜಿನ್ನನ್ನು ಹಗುರ ವಾಹನಕ್ಕೆ ಹಾಕಿದರೆ ಈ ಷರತ್ತು ಪೂರೈಸುವುದು ಕಷ್ಟ. ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ 4ಬಿಟಿ ಬದಲಾವಣೆಗಳು ತೊಡಕಿಗೆ ಸಿಕ್ಕಿದ್ದು ಇಲ್ಲಿಯೇ.

ಇದಕ್ಕೆ ತಯಾರಕರ ಕಡೆಯಿಂದ ಬಂದ ಉತ್ತರಗಳಲ್ಲಿ ಗಮನಾರ್ಹವಾದುದು 2016ರಲ್ಲಿ ಕಮಿನ್ಸ್ ಪ್ರಕಟಿಸಿದ ಆರ್2.8. ಇದು 2.8 ಲೀಟರಿನ, 161 ಅಶ್ವಶಕ್ತಿಯ ಹೊಸ ಎಂಜಿನ್. ಹಳೆಯ ವಾಹನಗಳಿಗೆ ಹಾಕಲೆಂದೇ ಕಂಪ್ಯೂಟರ್ ಮತ್ತು ವೈರಿಂಗ್ ಸಮೇತ ಪೆಟ್ಟಿಗೆಯಲ್ಲಿ ಮಾರಿದರು. ಗುಜರಿಯಲ್ಲಿ ಹುಡುಕಬೇಕಾದ, ಎಷ್ಟು ಓಡಿದೆಯೆಂದು ಗೊತ್ತಾಗದ ಎಂಜಿನ್ನಿಗೆ ಬದಲಾಗಿ ತಯಾರಕರ ಬೆಂಬಲವಿರುವ ಎಂಜಿನ್ ಸಿಕ್ಕಿತು. ಆದರೆ ಮೌಂಟುಗಳು, ಗೇರ್‌ಬಾಕ್ಸಿನ ಅಡಾಪ್ಟರ್, ರೇಡಿಯೇಟರ್, ಆಕ್ಸಲ್ ಅನುಪಾತ, ಬ್ರೇಕಿನ ನಿರ್ವಾತ, ಈ ಎಲ್ಲವನ್ನೂ ಹೊಂದಿಸುವ ಕೆಲಸ ಮೊದಲಿನಂತೆಯೇ ವಾಹನದ ಮಾಲೀಕರ ಪಾಲಿಗೆ ಉಳಿಯಿತು.