43ರಲ್ಲಿ ಸೂಪರ್ ಬೌಲ್, 44ರಲ್ಲಿ ಲೀಗ್‌ಗೇ ಮೊದಲಿಗ: ಟಾಮ್ ಬ್ರೇಡಿಗೆ ಇದು ಹೇಗೆ ಸಾಧ್ಯವಾಯಿತು?

ಓದುಗರ ಪ್ರಶ್ನೆ: ಅಮೆರಿಕನ್ ಫುಟ್ಬಾಲ್‌ನಲ್ಲಿ ಮೈಮೇಲೆ ಎರಗುವವರೇ 120–130 ಕೆ.ಜಿ. ಇರುತ್ತಾರೆ. ಅಂಥ ಆಟದಲ್ಲಿ ಟಾಮ್ ಬ್ರೇಡಿ 45ರವರೆಗೆ ಆಡಿದ್ದಲ್ಲದೆ ಗೆಲ್ಲುತ್ತಲೂ ಇದ್ದರು. ಟೊಮೆಟೊ ಬಿಟ್ಟು ಪಥ್ಯ ಮಾಡಿದ್ದೇ ಕಾರಣ ಅನ್ನುತ್ತಾರೆ. ನಿಜವೇ?

ಪಥ್ಯಕ್ಕೂ ಅದರದೇ ಪಾಲು ಇರಬಹುದು, ಆದರೆ ಅದು ಸಣ್ಣದು. ಬ್ರೇಡಿಯನ್ನು ಉಳಿಸಿದ್ದು ಚೆಂಡು ಕೈಗೆ ಬರುವ ಮುಂಚೆಯೇ ಅವರು ಮುಗಿಸಿಟ್ಟಿರುತ್ತಿದ್ದ ಲೆಕ್ಕ. ಬ್ರೇಡಿಯಂಥ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸಿ ಚೆಂಡು ಎಸೆಯುವ ಆಟಗಾರ) ಪೆಟ್ಟು ತಿನ್ನುವುದು ಚೆಂಡು ಹಿಡಿದುಕೊಂಡು ಯೋಚಿಸುತ್ತ ನಿಂತಾಗ. ಯಾರಿಗೆ ಎಸೆಯಬೇಕೆಂದು ಮೊದಲೇ ಗೊತ್ತಿದ್ದರೆ ನಿಲ್ಲುವ ಅಗತ್ಯವೇ ಇಲ್ಲ.

ಆಟದ ಗಡಿಯಾರ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಪ್ಲೇ, ಅಂದರೆ ಆಟದ ಒಂದು ನಡೆ, ಮುಗಿದ ಮೇಲೆ ಮುಂದಿನದನ್ನು ಶುರು ಮಾಡಲು ಸಾಮಾನ್ಯವಾಗಿ 40 ಸೆಕೆಂಡ್ ಸಿಗುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೊ ಇದ್ದು, ಯಾವ ಪ್ಲೇ ಆಡಬೇಕೆಂದು ಕೋಚ್ ಅದರಲ್ಲಿ ಹೇಳುತ್ತಾರೆ. ಗಡಿಯಾರ 15ಕ್ಕೆ ಇಳಿದ ತಕ್ಷಣ ರೇಡಿಯೊ ಬಂದ್. ಕೊನೆಯ 15 ಸೆಕೆಂಡ್ ಆಟಗಾರ ಒಂಟಿ. ಬ್ರೇಡಿಯ ನಿಜವಾದ ಆಟ ನಡೆಯುತ್ತಿದ್ದದ್ದು ಆ ಹೊತ್ತಿನಲ್ಲಿ.

ಮೊದಲು ಎದುರಾಳಿಯ ಹಿಂದಿನ ಸಾಲಿನಲ್ಲಿ ಎಷ್ಟು ಜನ ಆಳದಲ್ಲಿ ನಿಂತಿದ್ದಾರೆ ಎಂದು ಎಣಿಸುವುದು. ಆಮೇಲೆ ತನ್ನವನೊಬ್ಬನನ್ನು ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಸುವುದು. ಎದುರಾಳಿಯೊಬ್ಬ ಅವನ ಬೆನ್ನು ಬಿಡದೆ ಬಂದರೆ ಅದು ಆಳಿಗೆ ಆಳು ಕಾಯುವ ರಕ್ಷಣೆ. ಯಾರೂ ಹಿಂಬಾಲಿಸದೆ ಎಲ್ಲರೂ ಸ್ವಲ್ಪ ಜರುಗಿದರೆ ಜಾಗ ಕಾಯುವ ರಕ್ಷಣೆ. ಎದುರಾಳಿಯ ಮಧ್ಯದ ಲೈನ್‌ಬ್ಯಾಕರ್ (ಮುಂದಿನ ಸಾಲಿನ ಹಿಂದೆ ನಿಲ್ಲುವ ರಕ್ಷಕ) ಯಾರೆಂದು ಬೆರಳು ತೋರಿಸಿ ಕೂಗುವುದು ಮೂರನೆಯದು, ಯಾರನ್ನು ಯಾರು ತಡೆಯಬೇಕೆಂಬುದು ಅದರ ಮೇಲೆ ನಿಂತಿದೆ. ಇಷ್ಟಾದ ಮೇಲೆ ಚೆಂಡು ಕೈಗೆ ಬಂದರೆ ಉಳಿಯುವ ಕೆಲಸ ಎರಡೂವರೆ ಸೆಕೆಂಡಿನದು.

ಇದನ್ನು ಹತ್ತಿರದಿಂದ ನೋಡಲು 2019ರ ಫೆಬ್ರುವರಿ 3ರ ಸೂಪರ್ ಬೌಲ್‌ಗಿಂತ (ಅಮೆರಿಕದ ಎನ್‌ಎಫ್‌ಎಲ್ ಲೀಗ್‌ನ ಅಂತಿಮ ಪಂದ್ಯ) ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬ್ರೇಡಿಗೆ ಆಗ 41. ನಾಲ್ಕನೇ ಕ್ವಾರ್ಟರ್ ಬಂದರೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತು ಲಾಸ್ ಏಂಜಲೀಸ್ ರ‍್ಯಾಮ್ಸ್ 3–3ರಲ್ಲಿ ನಿಂತಿದ್ದವು. ಪೇಟ್ರಿಯಟ್ಸ್ ದಪ್ಪ ಆಳುಗಳನ್ನು ಇಳಿಸಿತು: ಇಬ್ಬರು ಬ್ಯಾಕ್, ಇಬ್ಬರು ಟೈಟ್ ಎಂಡ್ (ಎದುರಾಳಿಯನ್ನು ತಡೆಯಲೂ ಎಸೆತ ಹಿಡಿಯಲೂ ಬಳಸುವ ಆಳು). ಇದು ಚೆಂಡು ಹಿಡಿದು ನುಗ್ಗುವ ತಂಡದ ವೇಷ. ಅದನ್ನು ಕಂಡು ರ‍್ಯಾಮ್ಸ್ ಕೂಡ ಭಾರದ ಆಳುಗಳನ್ನು ಉಳಿಸಿಕೊಂಡಿತು. ಆಗ ಬ್ರೇಡಿ ಎಲ್ಲರನ್ನೂ ಅಗಲಕ್ಕೆ ಹರಡಿಬಿಟ್ಟರು. ಓಟಗಾರರನ್ನು ಕಾಯಬಲ್ಲ ಚುರುಕು ಆಳುಗಳು ಸಾಕಷ್ಟಿಲ್ಲದೆ ಲೈನ್‌ಬ್ಯಾಕರ್‌ಗಳು ಆ ಕೆಲಸಕ್ಕೆ ಸಿಕ್ಕಿಬಿದ್ದರು. ಐದೇ ಪ್ಲೇ, 69 ಗಜ: ಎಸೆತಗಳಲ್ಲಿ ಸಹ ಆಟಗಾರರಾದ ಗ್ರಾಂಕೌಸ್ಕಿಗೆ 18, ಎಡೆಲ್‌ಮನ್‌ಗೆ 13, ಬರ್ಕ್‌ಹೆಡ್‌ಗೆ 7, ಮತ್ತೆ ಗ್ರಾಂಕೌಸ್ಕಿಗೆ 29, ಕೊನೆಗೆ ಸೋನಿ ಮಿಶೆಲ್ ಎರಡು ಗಜ ನುಗ್ಗಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಇದರಲ್ಲಿ ಮೂರು ಪ್ಲೇ ಒಂದೇ, ಬದಲಾಗಿದ್ದು ಬ್ರೇಡಿ ಆರಿಸಿಕೊಂಡ ಕೈ ಮಾತ್ರ. ಆ ದಿನ ಅವರು ಒಂದೂ ಟಚ್‌ಡೌನ್ ಪಾಸ್ ಎಸೆಯಲಿಲ್ಲ, ಆದರೂ 13–3ರ ಗೆಲುವಿಗೆ ದಾರಿ ಮಾಡಿದ್ದು ಅದೇ ಸರಣಿ.

ಇನ್ನು ದೇಹದ ಮಾತು. ವಯಸ್ಸಾದ ಕ್ವಾರ್ಟರ್‌ಬ್ಯಾಕ್‌ಗೆ ಮೊದಲು ಕೈಕೊಡುವುದು ಕಾಲು, ನಂತರ ದೂರದ ಎಸೆತದ ವೇಗ. ಬ್ರೇಡಿ ಕಾಲನ್ನು ನಂಬಿಕೊಂಡ ಆಟಗಾರನೇ ಅಲ್ಲ. 2000ನೇ ಇಸವಿಯ ಪರೀಕ್ಷೆಯಲ್ಲಿ 40 ಗಜ ಓಡಲು ಅವರಿಗೆ 5.28 ಸೆಕೆಂಡ್ ಬೇಕಾಯಿತು. ಆ ವರ್ಷದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವುದು) ಆರನೇ ಸುತ್ತಿನವರೆಗೂ ಅವರನ್ನು ಯಾರೂ ಕರೆಯಲಿಲ್ಲ, ಸಿಕ್ಕಿದ್ದು 199ನೇ ಸ್ಥಾನ. ಓಟದ ಬಲವೇ ಇಲ್ಲದವನಿಗೆ ವಯಸ್ಸು ಕಿತ್ತುಕೊಳ್ಳುವುದಕ್ಕೆ ಓಟ ಎಲ್ಲಿದೆ? ಬದಲಿಗೆ ಅವರು ಪಳಗಿಸಿಕೊಂಡದ್ದು ತನ್ನನ್ನು ಕಾಯುವವರ ಕಾವಲಿನ ಒಳಗೇ ಒಂದೊಂದು ಗೇಣು ಜರುಗುವ ಕಲೆ. ಕಣ್ಣು ಮೈದಾನದ ಮೇಲೆ, ಎರಡೂ ಕೈ ಚೆಂಡಿನ ಮೇಲೆ, ಚೆಂಡು ಎದೆಯ ಮೇಲ್ಭಾಗದ ಎತ್ತರದಲ್ಲಿ. ಪಕ್ಕದಿಂದ ಬಂದವನು ಹಿಂದೆ ಜಾರಿಹೋಗುವಂತೆ ಒಂದು ಹೆಜ್ಜೆ ಮುಂದೆ.

ತೋಳನ್ನು ಉಳಿಸಿಕೊಂಡ ಬಗೆ ಬೇರೆ. ಬೇಸ್‌ಬಾಲ್‌ನಲ್ಲಿ ಪಿಚರ್ ಆಗಿದ್ದ ಟಾಮ್ ಹೌಸ್ ಅವರ ಬಳಿ ಎಸೆತವನ್ನು ತಿದ್ದಿಕೊಂಡರು. ಎಸೆತದ ಬಲ ಹುಟ್ಟುವುದು ನೆಲದಲ್ಲಿ. ಹಿಂಗಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿ ಕೈಗೆ ಬರುತ್ತದೆ. ಸೊಂಟ ತಿರುಗುವ ಮುಂಚೆ ಭುಜ ತಿರುಗಿದರೆ ಆ ಸರಪಳಿ ತುಂಡಾಗಿ, ಭಾರವೆಲ್ಲ ಮೊಣಕೈ ಮತ್ತು ಭುಜದ ಕೀಲಿನ ಮೇಲೆ ಬೀಳುತ್ತದೆ. ಹಲವರ ತೋಳು ಸವೆಯುವುದು ಹೀಗೆ.

ಟೊಮೆಟೊ ವಿಷಯ: ತಮ್ಮ ದೇಹದ ತರಬೇತುದಾರ ಅಲೆಕ್ಸ್ ಗೆರೆರೊ ಜೊತೆ ಬ್ರೇಡಿ ರೂಪಿಸಿಕೊಂಡ ಕ್ರಮದಲ್ಲಿ ಭಾರ ಎತ್ತುವುದಕ್ಕಿಂತ ರಬ್ಬರ್ ಪಟ್ಟಿಗಳ ವ್ಯಾಯಾಮ, ಮೊದಲೂ ನಂತರವೂ ಆಳವಾದ ಮಾಲೀಸು, ಹೆಚ್ಚು ನೀರು, ಬೇಗ ಮಲಗುವುದು ಸೇರಿದ್ದವು, ಸಕ್ಕರೆ, ಮೈದಾ, ಟೊಮೆಟೊಗಳಿಂದ ದೂರ. ಸ್ನಾಯುಗಳನ್ನು ಮೆದುವಾಗಿಟ್ಟರೆ ಗಾಯವಾಗುವುದಿಲ್ಲ ಎಂಬ ಅವರ ವಾದವನ್ನು ಕ್ರೀಡಾ ವಿಜ್ಞಾನಿಗಳು ಹಾಗೆಯೇ ಒಪ್ಪಿಲ್ಲ. ನಿದ್ದೆಯಿಂದಲೂ ಶಿಸ್ತಿನಿಂದಲೂ ಲಾಭ ಆಗಿದ್ದರಲ್ಲಿ ಅನುಮಾನ ಬೇಡ. ಟೊಮೆಟೊವನ್ನು ದೂರುವುದಕ್ಕೆ ಆಧಾರವಿಲ್ಲ. ಸಾರಿಗೆ ಹಾಕುವುದನ್ನು ನಿಲ್ಲಿಸಬೇಕಿಲ್ಲ.

ನಿಯಮಗಳೂ ಬೆಂಬಲಕ್ಕೆ ಬಂದವು. 2008ರ ಮೊದಲ ಪಂದ್ಯದಲ್ಲೇ ಎದುರಾಳಿಯೊಬ್ಬ ನೆಲದಿಂದ ಚಿಮ್ಮಿ ಕಾಲಿಗೆ ಬಡಿದು ಬ್ರೇಡಿಯ ಎಡ ಮಂಡಿಯ ಲಿಗಮೆಂಟ್ ಹರಿಯಿತು, ಇಡೀ ಸೀಸನ್ ಹೋಯಿತು. ಮರುವರ್ಷ, ನೆಲದ ಮೇಲಿರುವವನು ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಎರಗುವಂತಿಲ್ಲ ಎಂದು ಲೀಗ್ ಸ್ಪಷ್ಟಪಡಿಸಿತು. ಜನ ಅದನ್ನು ಬ್ರೇಡಿ ನಿಯಮವೆಂದೇ ಕರೆದರು. 2011ರ ಒಪ್ಪಂದ ಬಂದ ಮೇಲೆ ಪೂರ್ತಿ ಕವಚ ತೊಟ್ಟ ಅಭ್ಯಾಸಗಳು ಸೀಸನ್ನಿಗೆ 14ಕ್ಕೆ ಇಳಿದವು. ಹಳೆಯ ತಲೆಮಾರಿಗೆ ಈ ಭಾಗ್ಯ ಇರಲಿಲ್ಲ. ಬ್ರೇಡಿಯನ್ನು ಅವರ ಜೊತೆ ಹೋಲಿಸುವಾಗ ಇದನ್ನು ಮರೆತರೆ ಅನ್ಯಾಯ.

ಟ್ಯಾಂಪಾ ಬೇ ಅಧ್ಯಾಯ ನನ್ನ ಮಟ್ಟಿಗೆ ಅವರ ಬದುಕಿನ ಅತಿ ದೊಡ್ಡ ಸಾಧನೆ. 20 ವರ್ಷ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಗರಡಿಯಲ್ಲಿದ್ದವರು 2020ರ ಮಾರ್ಚ್‌ನಲ್ಲಿ ಎರಡು ವರ್ಷಕ್ಕೆ 5 ಕೋಟಿ ಡಾಲರ್‌ಗೆ ಟ್ಯಾಂಪಾ ಬೇ ಬುಕನೀರ್ಸ್ ಸೇರಿದರು. ಹಿಂದಿನ ವರ್ಷ 7–9ರಲ್ಲಿ (7 ಗೆಲುವು, 9 ಸೋಲು) ಮುಗಿಸಿದ್ದ ತಂಡ ಅದು. ಆದರೆ ಆಯ್ಕೆ ಕುರುಡಲ್ಲ: ಎಸೆತ ಹಿಡಿಯುವ ಮೈಕ್ ಎವಾನ್ಸ್ ಮತ್ತು ಕ್ರಿಸ್ ಗಾಡ್ವಿನ್ ಆಗಲೇ ಅಲ್ಲಿದ್ದರು, ರಕ್ಷಣೆಯ ಕೋಚ್ ಟಾಡ್ ಬೌಲ್ಸ್ ಕೈಯಲ್ಲಿ ರಕ್ಷಣೆ ಗಟ್ಟಿಯಾಗುತ್ತಿತ್ತು. ಕೋವಿಡ್ ಕಾರಣ ಅಭ್ಯಾಸ ಪಂದ್ಯಗಳೇ ನಡೆಯಲಿಲ್ಲ. ಕೋಚ್ ಬ್ರೂಸ್ ಏರಿಯನ್ಸ್ ಅವರದು ದೂರ ಎಸೆಯುವ ಪದ್ಧತಿ, ಬ್ರೇಡಿಯದು ಬೇಗ ಎಸೆಯುವುದು. ಎರಡೂ ಹೊಂದದೆ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್ ಎದುರು 38–3ರ ಸೋಲು, ತಿಂಗಳ ಕೊನೆಗೆ 7–5. ಬಿಡುವಿನ ವಾರದ ನಂತರ ಚೆಂಡು ಕೊಟ್ಟಂತೆ ನಟಿಸಿ ಎಸೆಯುವ ಪ್ಲೇಗಳೂ, ಆಳನ್ನು ಜರುಗಿಸಿ ರಕ್ಷಣೆ ಓದುವ ಕ್ರಮವೂ ಹೆಚ್ಚಾದವು. ಆಮೇಲೆ ಒಂದೂ ಸೋಲಲಿಲ್ಲ: ಸತತ ಎಂಟು ಗೆಲುವು, ಕೊನೆಯದು 2021ರ ಫೆಬ್ರುವರಿ 7ರಂದು ತಮ್ಮದೇ ಅಂಗಳದಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ 31–9. ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ. 29 ಎಸೆತಗಳಲ್ಲಿ 21 ಕೈ ಸೇರಿದವು, ಮೂರು ಟಚ್‌ಡೌನ್. 43ರ ಬ್ರೇಡಿಗೆ ಅದು ಏಳನೇ ಸೂಪರ್ ಬೌಲ್. ಯಾವ ತಂಡದ ಬಳಿಯೂ ಅಷ್ಟಿಲ್ಲ.

ಮರುವರ್ಷ 44ರಲ್ಲಿ 5,316 ಗಜ, 43 ಟಚ್‌ಡೌನ್. ಎರಡರಲ್ಲೂ ಲೀಗ್‌ಗೇ ಮೊದಲು. 719 ಸಲ ಎಸೆದೂ, ಚೆಂಡು ಕೈಯಲ್ಲಿರುವಾಗಲೇ ಕೆಡವಿಸಿಕೊಂಡದ್ದು ಬರೀ 22 ಬಾರಿ. ಮೇಲೆ ಹೇಳಿದ ಲೆಕ್ಕದ ಫಲ ಇದು.

ಹಾಗಾದರೆ 2022ರಲ್ಲಿ ಏನಾಯಿತು? 2022ರ ಫೆಬ್ರುವರಿಯಲ್ಲಿ ನಿವೃತ್ತಿ ಘೋಷಿಸಿ 40 ದಿನಕ್ಕೆ ವಾಪಸ್ ಬಂದರು. ಅಷ್ಟರಲ್ಲಿ ಅವರನ್ನು ಕಾಯುವ ಮುಂದಿನ ಸಾಲು ಕುಸಿದಿತ್ತು: ಆಲಿ ಮಾರ್ಪೆಟ್ ನಿವೃತ್ತ, ಅಲೆಕ್ಸ್ ಕ್ಯಾಪ ಬೇರೆ ತಂಡಕ್ಕೆ, ಸೆಂಟರ್ ರಯಾನ್ ಜೆನ್ಸನ್‌ಗೆ ಶಿಬಿರದಲ್ಲೇ ಮಂಡಿ ಗಾಯ. ಚೆಂಡು ಹಿಡಿದು ನುಗ್ಗುವ ಆಟದಲ್ಲಿ ತಂಡ 32ರಲ್ಲಿ 32ನೆಯದಾಯಿತು. ಬ್ರೇಡಿ ಇನ್ನೂ ಬೇಗ ಎಸೆಯತೊಡಗಿದರು, ಕೆಡವಿಸಿಕೊಂಡದ್ದು ಈ ಸಲವೂ 22 ಬಾರಿಯೇ. ಆದರೆ ಅಷ್ಟು ಬೇಗ ಎಸೆದರೆ ದೂರದ ಓಟಗಾರ ತಲುಪುವುದಕ್ಕೆ ಸಮಯವೇ ಇಲ್ಲ. ಎಸೆತಕ್ಕೆ 7.4 ಗಜ ಇದ್ದದ್ದು 6.4ಕ್ಕೆ ಬಿತ್ತು. 733 ಎಸೆತಗಳ ದಾಖಲೆ ಬರೆದೂ 8–9. ಅವರನ್ನು ಕಾಪಾಡಿದ್ದ ಉಪಾಯಕ್ಕೇ ಬೆಲೆ ತೆರಬೇಕಾಗಿ ಬಂತು. 2023ರ ಫೆಬ್ರುವರಿ 1ರಂದು ಕೊನೆಯ ವಿದಾಯ.

ಉಳಿದದ್ದೇನು ಎಂದರೆ 89,214 ಗಜ, 649 ಟಚ್‌ಡೌನ್, ಪ್ಲೇಆಫ್ (ಕೊನೆಯ ನಾಕೌಟ್ ಹಂತ) ಬಿಟ್ಟೇ 251 ಗೆಲುವು. ಕಳಂಕವೂ ಇದೆ. ಚೆಂಡಿನ ಗಾಳಿ ಇಳಿಸಿದ ಆರೋಪದಲ್ಲಿ 2016ರಲ್ಲಿ ನಾಲ್ಕು ಪಂದ್ಯ ಹೊರಗಿದ್ದರು. ಅದೇ ಸೀಸನ್ನಿನ ಕೊನೆಗೆ ಅಟ್ಲಾಂಟಾ ಎದುರು 28–3ರ ಹಿನ್ನಡೆಯಿಂದ ಎದ್ದು 34–28ರಲ್ಲಿ ಗೆದ್ದರು ಎಂಬುದನ್ನೂ ಜೊತೆಗೇ ಹೇಳಬೇಕು.

ಈ ದಾರಿ ಎಲ್ಲರಿಗೂ ಸಿಗುವಂಥದ್ದಲ್ಲ. ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಇದೇ ರೀತಿ ಹಳೆಯ ತಂಡ ಬಿಟ್ಟು 39ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿದರು. 2023ರ ಸೆಪ್ಟೆಂಬರ್ 11ರ ಮೊದಲ ಪಂದ್ಯದ ನಾಲ್ಕನೇ ಪ್ಲೇನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಆ ಸೀಸನ್ ಅಲ್ಲಿಗೇ ಮುಗಿಯಿತು. ಬ್ರೇಡಿ 2001ರಲ್ಲಿ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಆದ ಮೇಲೆ ಗಾಯದ ಕಾರಣ ಕಳೆದುಕೊಂಡದ್ದು 2008ರ ಆ 15 ಲೀಗ್ ಪಂದ್ಯಗಳನ್ನು ಮಾತ್ರ.