ಶೀತದ ಮಾತ್ರೆ: ಎಣಿಸಬೇಕಾದದ್ದು ಮಾತ್ರೆಯನ್ನಲ್ಲ, ಒಳಗಿರುವ ಔಷಧವನ್ನು

ಹಾಸನದಲ್ಲಿ ನನ್ನ ಜೊತೆ ಡಿ.ಫಾರ್ಮಾ ಓದುತ್ತಿರುವವರಿಗೆ ಈ ಟಿಪ್ಪಣಿ. ಜ್ವರ, ನೋವು, ಅಲರ್ಜಿ ಔಷಧಗಳನ್ನು ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಆದರೆ ಮಳೆ ಹಿಡಿದ ಮೇಲೆ ಮೆಡಿಕಲ್ ಶಾಪಿಗೆ ಬಂದವರು "ಶೀತಕ್ಕೊಂದು ಮಾತ್ರೆ ಕೊಡಿ" ಅಂದಾಗ ಆ ಅಧ್ಯಾಯಗಳೆಲ್ಲ ಒಂದೇ ಮಾತ್ರೆಯಲ್ಲಿ ಬಂದು ಕೂತಿರುತ್ತವೆ. ಅಲ್ಲೇ ಲೆಕ್ಕ ತಪ್ಪುವುದು.

ಸಾಮಾನ್ಯ ಶೀತದ ಮಾತ್ರೆಯಲ್ಲಿ ಇರುವುದು ಜ್ವರ-ಮೈಕೈನೋವಿಗೆ ಪ್ಯಾರಸಿಟಮಾಲ್, ಸೋರುವ ಮೂಗಿಗೆ, ಸೀನಿಗೆ ಕ್ಲೋರ್‌ಫೆನಿರಮಿನ್ ಅಥವಾ ಸೆಟ್ರಿಜಿನ್, ಕಟ್ಟಿದ ಮೂಗಿಗೆ ಫಿನೈಲ್‌ಎಫ್ರಿನ್. ಕೆಲವದರಲ್ಲಿ ಕೆಫೀನ್ ಕೂಡ. ಯಾವುದೂ ವೈರಸ್ಸನ್ನು ಕೊಲ್ಲುವುದಿಲ್ಲ, ಶೀತದ ದಿನಗಳನ್ನು ಕಡಿಮೆ ಮಾಡುವುದಿಲ್ಲ. ಲಕ್ಷಣ ತಗ್ಗಿಸುತ್ತವೆ, ಅಷ್ಟೇ.

ಪ್ಯಾರಸಿಟಮಾಲ್ ಕೂಡಿಸುವ ಲೆಕ್ಕ

ನಾನು ಬಹಳ ಹೊತ್ತು ನಿಂತದ್ದು ಇಲ್ಲಿ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ, ಒಂದು ಸಲಕ್ಕೆ 1 ಗ್ರಾಂ, ನಡುವೆ 4ರಿಂದ 6 ಗಂಟೆ ಅಂತರ. ಇದು ಎಲ್ಲರಿಗೂ ಬಾಯಿಪಾಠ. ಆದರೆ ಈ 4 ಗ್ರಾಂ ಯಾವುದಕ್ಕೆ ಸೇರಿದ ಮಿತಿ? ಡೋಲೋ ಸ್ಟ್ರಿಪ್ಪಿನದ್ದಲ್ಲ, ಶೀತದ ಮಾತ್ರೆಯದ್ದೂ ಅಲ್ಲ. 24 ಗಂಟೆಯಲ್ಲಿ ಯಾವ ದಾರಿಯಿಂದಲೇ ಆಗಲಿ, ಒಂದು ದೇಹದೊಳಗೆ ಹೋದ ಒಟ್ಟು ಪ್ಯಾರಸಿಟಮಾಲ್‌ದು. ಡೋಲೋ 650, ಕ್ರೋಸಿನ್, ಸಿನಾರೆಸ್ಟ್, ಚೆಸ್ಟನ್ ಕೋಲ್ಡ್, ವಿಕ್ಸ್ ಆಕ್ಷನ್ 500: ಹೆಸರುಗಳು ಬೇರೆ, ಪ್ಯಾರಸಿಟಮಾಲ್ ಎಲ್ಲದರಲ್ಲೂ ಇದೆ. ಅಮೆರಿಕದಿಂದ ನೆಂಟರು ತಂದುಕೊಟ್ಟ ಡಬ್ಬಿಯ ಮೇಲೆ ಅಸಿಟಮಿನೊಫೆನ್ ಎಂದಿದ್ದರೆ ಅದೂ ಇದೇ ಔಷಧ.

ಬಿಡಿಸಿ ನೋಡೋಣ. ಸಕಲೇಶಪುರದ ಕಡೆ ತೋಟದ ಮೇಸ್ತ್ರಿಯೊಬ್ಬರು ಎಂದುಕೊಳ್ಳಿ. ಜ್ವರಕ್ಕೆ 650ರ ಮಾತ್ರೆ ದಿನಕ್ಕೆ ಮೂರು: 1,950 ಮಿ.ಗ್ರಾಂ. ಮೂಗಿಗೆ ಶೀತದ ಮಾತ್ರೆ ಮೂರು, ಒಂದೊಂದರಲ್ಲೂ ಪ್ಯಾರಸಿಟಮಾಲ್ 500: 1,500. ಕೂಡಿದರೆ 3,450. ಇನ್ನೂ ಮಿತಿಯೊಳಗೇ ಇದೆ. ಆದರೆ ಅವರಿಗೆ ಮಂಡಿನೋವು. ಅದಕ್ಕೆ ಮೊದಲಿಂದಲೂ ಬೆಳಿಗ್ಗೆ-ರಾತ್ರಿ ಅಸೆಕ್ಲೊಫೆನಾಕ್ ಇರುವ ಮಾತ್ರೆ. ಅದರ ಜೊತೆಗೂ ಸಾಮಾನ್ಯವಾಗಿ ಪ್ಯಾರಸಿಟಮಾಲ್ 325 ಸೇರಿರುತ್ತದೆ. ಎರಡಕ್ಕೆ 650. ಮೊತ್ತ 4,100. ಮೂರು ಸ್ಟ್ರಿಪ್ಪುಗಳನ್ನು ಬೇರೆ ಬೇರೆಯಾಗಿ ನೋಡಿದರೆ ಒಂದರಲ್ಲೂ ತಪ್ಪಿಲ್ಲ. ಕೂಡಿಸಿದಾಗ ಮಾತ್ರ ಗೆರೆ ದಾಟಿದ್ದು ಕಾಣುತ್ತದೆ.

ಇನ್ನೊಂದು ಕಡೆಯೂ ದಾಟಿದೆ, ಅದನ್ನು ಬಿಡಬೇಡಿ. ಬೆಳಿಗ್ಗೆ 8ಕ್ಕೆ ಶೀತದ ಮಾತ್ರೆ, "ಜ್ವರ ಇಳಿದಿಲ್ಲ" ಎಂದು 9ಕ್ಕೆ 650. ಒಂದು ಗಂಟೆಯೊಳಗೆ 1,150 ಮಿ.ಗ್ರಾಂ. ಗಂಟೆಯ ಅಂತರವನ್ನೂ ಮಾತ್ರೆಯ ಹೆಸರಿನಿಂದಲ್ಲ, ಒಳಗಿನ ಔಷಧದಿಂದಲೇ ಲೆಕ್ಕ ಹಾಕಬೇಕು.

ಈಗ ಹಲವು ಔಷಧ ಬೆರೆತ ಶೀತದ ಮಾತ್ರೆಯನ್ನು ತೆಗೆದುಬಿಡಿ. ಜ್ವರಕ್ಕೆ 650, ಸೋರುವ ಮೂಗಿಗೆ ರಾತ್ರಿ ಬರೀ ಸೆಟ್ರಿಜಿನ್. ಪ್ಯಾರಸಿಟಮಾಲ್ ಮೊತ್ತ 2,600ಕ್ಕೆ ಇಳಿಯಿತು. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ: ಯಾವ ತೊಂದರೆ ಇದೆಯೋ ಅದಕ್ಕೆ ಮಾತ್ರ ಒಂಟಿ ಔಷಧ. ಜ್ವರವೇ ಇಲ್ಲದೆ ಬರೀ ಸೀನು ಇರುವವರು ಪ್ಯಾರಸಿಟಮಾಲ್ ಯಾಕೆ ನುಂಗಬೇಕು?

ಮಿತಿ ಮೀರಿದರೆ ಆಗುವುದೇನು? ಪ್ಯಾರಸಿಟಮಾಲ್‌ನ ಹೆಚ್ಚಿನ ಪಾಲು ಯಕೃತ್ತಿನಲ್ಲಿ ನಿರಪಾಯವಾಗಿ ಬದಲಾಗಿ ಮೂತ್ರದಲ್ಲಿ ಹೋಗುತ್ತದೆ. ಸ್ವಲ್ಪ ಪಾಲು ಎನ್‌ಎಪಿಕ್ಯೂಐ ಎಂಬ ವಿಷವಾಗುತ್ತದೆ, ಯಕೃತ್ತಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತು ಅದನ್ನು ಶಮನ ಮಾಡುತ್ತದೆ. ಡೋಸ್ ಏರಿದರೆ ಗ್ಲುಟಾಥಯೋನ್ ಮುಗಿಯುತ್ತದೆ, ವಿಷ ಯಕೃತ್ತಿನ ಜೀವಕೋಶಗಳಿಗೇ ಅಂಟಿಕೊಳ್ಳುತ್ತದೆ. ದಿನವೂ ಕುಡಿಯುವವರು, ಸರಿಯಾಗಿ ಊಟ ಮಾಡದವರು, ತೂಕ 50 ಕೆ.ಜಿ.ಗಿಂತ ಕಡಿಮೆ ಇರುವವರು, ಯಕೃತ್ತಿನ ಕಾಯಿಲೆಯವರು, ಇವರಿಗೆ 4 ಗ್ರಾಂ ಮಿತಿ ಸಲ್ಲದು. ಕಡಿಮೆ ಎಷ್ಟು ಎಂದು ವೈದ್ಯರೇ ಹೇಳಬೇಕು. ಮೊದಲ ದಿನ ವಾಕರಿಕೆ ಬಿಟ್ಟು ಏನೂ ಕಾಣದೆ ಇರಬಹುದು. ಯಕೃತ್ತಿನ ಹಾನಿ ಹೊರಬೀಳುವುದು ಸಾಮಾನ್ಯವಾಗಿ ಒಂದು ದಿನ ಕಳೆದ ಮೇಲೆ. ಆದರೆ ಈ ವಿಷಕ್ಕೆ ಮದ್ದಾದ ಎನ್-ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಕೊಟ್ಟರೆ. ಹಾಗಾಗಿ ಹೆಚ್ಚು ನುಂಗಿದವರು "ನಾನು ಚೆನ್ನಾಗೇ ಇದ್ದೀನಿ" ಅಂದರೂ ಆಸ್ಪತ್ರೆಗೆ ಕಳಿಸಬೇಕು.

ಅಂಗಡಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಔಷಧದ ಪ್ರಮಾಣ, ಅವಧಿ ಮುದ್ರಿಸಿದ ಭಾಗ ಅಲ್ಲೇ ಉಳಿದುಬಿಡುತ್ತದೆ. ಇಡೀ ಸ್ಟ್ರಿಪ್ಪಿನ ಹಿಂಭಾಗದ ಫೋಟೊ ತೆಗೆದುಕೊಳ್ಳಿ. ಕೂಡಿಸುವ ಲೆಕ್ಕ ಶುರುವಾಗುವುದೇ ಅಲ್ಲಿಂದ.

ಹೆಸರು ಬೇರೆ, ಕೆಲಸ ಒಂದೇ

ಮಿ.ಗ್ರಾಂ ಕೂಡಿಸಿದರೂ ಸಿಗದ ಜೋಡಿಗಳಿವೆ. ಅಲರ್ಜಿಗೆಂದು ದಿನವೂ ಸೆಟ್ರಿಜಿನ್ ತೆಗೆದುಕೊಳ್ಳುವವರು ಕ್ಲೋರ್‌ಫೆನಿರಮಿನ್ ಇರುವ ಶೀತದ ಮಾತ್ರೆ ನುಂಗಿದರೆ ಎರಡು ಆಂಟಿಹಿಸ್ಟಮಿನ್ (ಅಲರ್ಜಿ ತಗ್ಗಿಸುವ ಔಷಧ) ಒಟ್ಟಿಗೆ ಆದವು. ಮಂಪರು ಹೆಚ್ಚುತ್ತದೆ. ಮಂಜು ಮುಸುಕಿದ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗಾಡಿ ಓಡಿಸುವವರನ್ನು ಈ ಪ್ರಶ್ನೆ ಕೇಳಲೇಬೇಕು. ಪ್ರಾಸ್ಟೇಟ್ ತೊಂದರೆಯ ಅಜ್ಜಂದಿರಿಗೆ ಕ್ಲೋರ್‌ಫೆನಿರಮಿನ್‌ನಿಂದ ಮೂತ್ರ ಕಟ್ಟಬಹುದು. ಐಬುಪ್ರೊಫೆನ್ ಜೊತೆ ಅಸೆಕ್ಲೊಫೆನಾಕ್ ಕೂಡ ಇಂಥದೇ ಜೋಡಿ; ಎರಡೂ ಒಂದೇ ಗುಂಪಿನ ನೋವಿನ ಔಷಧ, ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು.

ಫಿನೈಲ್‌ಎಫ್ರಿನ್

ಬಾಯಿಯಲ್ಲಿ ತೆಗೆದುಕೊಂಡ ಫಿನೈಲ್‌ಎಫ್ರಿನ್‌ನ ಬಹುಪಾಲು ಕರುಳಿನ ಗೋಡೆಯಲ್ಲಿ, ಯಕೃತ್ತಿನಲ್ಲಿ ಒಡೆದುಹೋಗುತ್ತದೆ. ಮೂಗಿನವರೆಗೆ ತಲುಪುವುದು ಅತ್ಯಲ್ಪ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಸಲಹಾ ಸಮಿತಿ, ನುಂಗುವ ರೂಪದಲ್ಲಿ ಇದು ಕಟ್ಟಿದ ಮೂಗಿಗೆ ಫಲ ಕೊಡುವುದಿಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ನವೆಂಬರಿನಲ್ಲಿ ಅದನ್ನು ಅಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಔಷಧಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾಪವೂ ಬಂತು. ಬಿ.ಪಿ. ಇರುವವರು ಇದನ್ನು ಬಿಡುವುದೇ ಮೇಲು. ಮೂಗಿಗೆ ಬಿಡುವ ಉಪ್ಪುನೀರಿನ ಹನಿ ಸಾಕಾಗುತ್ತದೆ. ಜೈಲೊಮೆಟಜೊಲಿನ್ ಹನಿ ಬೇಗ ಮೂಗು ಬಿಡಿಸುತ್ತದೆ, ಆದರೆ ದಿನಗಟ್ಟಲೆ ಮುಂದುವರಿಸಿದರೆ ಬಿಟ್ಟಾಗ ಮೂಗು ಇನ್ನಷ್ಟು ಕಟ್ಟುತ್ತದೆ.

ಮಕ್ಕಳು

ದೊಡ್ಡವರ ಮಾತ್ರೆ ಮುರಿದು ಕೊಡಬಾರದು. ಕ್ಲೋರ್‌ಫೆನಿರಮಿನ್-ಫಿನೈಲ್‌ಎಫ್ರಿನ್ ಮಿಶ್ರಣ 4 ವರ್ಷದೊಳಗಿನವರಿಗೆ ಬೇಡ ಎಂದು ನಮ್ಮ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಪ್ಯಾರಸಿಟಮಾಲ್ ತೂಕದ ಲೆಕ್ಕದಲ್ಲಿ: ಕೆ.ಜಿ.ಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ಸಿರಪ್ 5 ಮಿ.ಲೀ.ಗೆ 125, 250 ಎಂದು ಎರಡು ಬಲದಲ್ಲಿ ಬರುತ್ತದೆ. ಹಳೆಯ ಬಾಟಲಿಯ "ಒಂದು ಚಮಚ" ಹೊಸ ಬಾಟಲಿಯಲ್ಲಿ ಎರಡರಷ್ಟಾಗಬಹುದು.

ಎಲ್ಲ ಜ್ವರವೂ ಶೀತದ್ದಲ್ಲ

ಮಲೆನಾಡಿನವರಿಗೆ ಇದನ್ನು ಬೇರೆಯಾಗಿಯೇ ಬರೆಯಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಹರಡುವುದು ಉಣುಗಿನಿಂದ. ಹಠಾತ್ ಜ್ವರ, ಜೋರು ತಲೆನೋವು, ಮೈಕೈನೋವು. ಮಳೆಗಾಲದ ಡೆಂಗಿಯೂ ಹೀಗೇ ಶುರುವಾಗುತ್ತದೆ. ಎರಡರಲ್ಲೂ ರಕ್ತಸ್ರಾವದ ಭಯವಿದೆ. ಆದ್ದರಿಂದ ಕಾರಣ ತಿಳಿಯದ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬಾರದು. ಐಬುಪ್ರೊಫೆನ್-ಪ್ಯಾರಸಿಟಮಾಲ್ ಎರಡೂ ಇರುವ ಕಾಂಬಿಫ್ಲಾಮ್‌ನಂಥ ಮಾತ್ರೆಯೂ ಇದರಲ್ಲಿ ಸೇರಿತು. ಕಾಡಿಗೆ ಸೊಪ್ಪು, ಸೌದೆಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ, ಆಸುಪಾಸಿನಲ್ಲಿ ಮಂಗ ಸತ್ತಿದ್ದರೆ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು ಎಂದೂ ಅಲ್ಲಿ ಹೇಳಬೇಕು, ಯಾಕೆಂದರೆ ಪ್ಯಾರಸಿಟಮಾಲ್ ಇಳಿಸಿದ ಜ್ವರ ಥರ್ಮಾಮೀಟರಿನಲ್ಲಿ ಕಾಣುವುದಿಲ್ಲ.