ರಣರಂಗದ ಆನೆಯ ಅಂಗಾಲು

ಯುದ್ಧದ ಆನೆಗಳ ವರ್ಣನೆ ಓದುವವರ ಗಮನ ಸಾಮಾನ್ಯವಾಗಿ ದಂತ, ಸೊಂಡಿಲುಗಳ ಮೇಲೆ ನಿಲ್ಲುತ್ತದೆ. ಆನೆಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯನಾದ ನಾನು ಮೊದಲು ನೋಡುವುದು ಅವುಗಳ ಅಂಗಾಲನ್ನು. ಟನ್ನುಗಟ್ಟಲೆ ಭಾರ ಹೊರುವ ಆ ಪಾದದೊಳಗೆ ಕೊಬ್ಬಿನ ಮೆತ್ತನೆಯ ಪದರವಿದ್ದು, ಮೊಳೆಯೊಂದು ಆಳಕ್ಕೆ ಚುಚ್ಚಿ ಕೀವಾಯಿತೆಂದರೆ ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು.

ಇದನ್ನು ಪ್ರಾಚೀನ ಸೇನಾನಿಗಳು ಅರಿತಿದ್ದರು. ಕ್ರಿ.ಪೂ. 312ರಲ್ಲಿ ಗಾಜಾದ ಬಳಿ, ಅಲೆಕ್ಸಾಂಡರನ ಸೇನಾನಿಗಳಾಗಿದ್ದ ಟಾಲೆಮಿ ಮತ್ತು ಸೆಲ್ಯೂಕಸ್‌ ಸರಪಳಿಗೆ ಜೋಡಿಸಿದ ಕಬ್ಬಿಣದ ಮುಳ್ಳುಗಳನ್ನು ಹಾಸಿ, ಎದುರಾಳಿ ಡಿಮಿಟ್ರಿಯಸ್‌ನ 43 ಆನೆಗಳನ್ನು ತಡೆದು, ಮಾವುತರನ್ನು ಬಾಣ, ಈಟಿಗಳಿಂದ ಉರುಳಿಸಿದರು. ಮಾವುತನಿಲ್ಲದ ಆನೆ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಹೀಗೆ ಆನೆಯ ದೌರ್ಬಲ್ಯ ಕಂಡಿದ್ದ ಸೆಲ್ಯೂಕಸ್‌ನೇ ಮುಂದೆ ಚಂದ್ರಗುಪ್ತ ಮೌರ್ಯನಿಗೆ ಪ್ರದೇಶಗಳನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದನೆಂಬುದು ಗಮನಾರ್ಹ. ಕ್ರಿ.ಪೂ. 301ರ ಇಪ್ಸಸ್ ಕದನದಲ್ಲಿ ಅವು ಯಾರನ್ನೂ ಬೆನ್ನಟ್ಟಿ ತುಳಿಯಬೇಕಾಗಲಿಲ್ಲ. ಶತ್ರುಗಳ ಬೆನ್ನುಹತ್ತಿ ದೂರ ಹೋಗಿದ್ದ ಡಿಮಿಟ್ರಿಯಸ್‌ನ ಅಶ್ವದಳ ತಂದೆ ಆಂಟಿಗೋನಸ್‌ನ ನೆರವಿಗೆ ಮರಳದಂತೆ ಅಡ್ಡ ನಿಂತದ್ದೇ ಸಾಕಾಯಿತು. ಪಳಗದ ಕುದುರೆ ಆನೆಯ ವಾಸನೆಗೇ ಬೆದರುತ್ತದೆ. ನನ್ನ ದೃಷ್ಟಿಯಲ್ಲಿ ಆನೆಯ ಸೈನಿಕ ಮೌಲ್ಯ ಅದರ ಬಲಕ್ಕಿಂತ ಹೆಚ್ಚಾಗಿ ಇದರಲ್ಲೇ ಇತ್ತು.

ಆದರೆ ಬೆದರಿಸುವ ಪ್ರಾಣಿಯೇ ಬೇಗ ಬೆದರುತ್ತದೆ. ಕ್ರಿ.ಪೂ. 202ರಲ್ಲಿ ಉತ್ತರ ಆಫ್ರಿಕಾದ ಜಾಮಾದಲ್ಲಿ ಕಾರ್ಥೇಜ್ ನಗರರಾಜ್ಯದ ಸೇನಾನಿ ಹ್ಯಾನಿಬಲ್‌ನ ಸುಮಾರು 80 ಆನೆಗಳಲ್ಲಿ ಕೆಲವು ಕಹಳೆಗಳ ಅಬ್ಬರಕ್ಕೆ ತಿರುಗಿ ತಮ್ಮದೇ ಅಶ್ವದಳದ ಮೇಲೆ ನುಗ್ಗಿದವು. ಉಳಿದವುಗಳಲ್ಲಿ ಹಲವು ರೋಮನ್ ಸೇನಾನಿ ಸಿಪಿಯೋ ತನ್ನ ಸಾಲುಗಳ ನಡುವೆ ಬಿಟ್ಟಿದ್ದ ಓಣಿಗಳಲ್ಲಿ ಹಾದುಹೋದವು. ಅದಕ್ಕೂ ಐದು ವರ್ಷ ಹಿಂದೆ, ಇಟಲಿಯ ಮೆಟಾರಸ್ ನದಿಯ ಬಳಿ ನಡೆದ ಕದನದಲ್ಲಿ, ಹಿಡಿತ ತಪ್ಪಿದ ಆನೆಯ ಕತ್ತಿನ ಸಂದಿಗೆ ಉಳಿಯಿಟ್ಟು ಬಡಿದು ಕೊಲ್ಲಲು ಕಾರ್ಥೇಜಿನ ಮಾವುತರು ಸಜ್ಜಾಗಿದ್ದರೆಂದು ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಪಳಗಿಸಿದ ಕೈಯಿಂದಲೇ ಈ ಕೆಲಸ ಮಾಡಿಸುವುದು ಎಷ್ಟು ಕ್ರೂರವೆಂಬುದು ಆನೆ-ಮಾವುತರ ಒಡನಾಟ ಬಲ್ಲವರಿಗೆ ತಿಳಿಯುತ್ತದೆ.

ಹೀಗೆ ಕಳೆದುಕೊಂಡ ಆನೆಯ ಜಾಗ ತುಂಬುವುದೂ ಸುಲಭವಲ್ಲ. ಗರ್ಭಾವಧಿಯೇ ಸುಮಾರು 22 ತಿಂಗಳು. ಮರಿ ಬೆಳೆದು ಯುದ್ಧಕ್ಕೆ ಒದಗುವವರೆಗೆ ಪ್ರತಿದಿನ ಮಣಗಟ್ಟಲೆ ಮೇವು ಹಾಕುವುದಕ್ಕಿಂತ ಬೆಳೆದ ಆನೆಯನ್ನು ಕಾಡಿನಿಂದ ಹಿಡಿದು ಪಳಗಿಸುವುದೇ ಲಾಭ. ಆದ್ದರಿಂದಲೇ ಅರ್ಥಶಾಸ್ತ್ರವು ಆನೆಗಳ ಕಾಡಿಗೆ ಕಾವಲು ವಿಧಿಸಿ, ಅಲ್ಲಿ ಆನೆ ಕೊಂದವನಿಗೆ ಮರಣದಂಡನೆ ಹೇಳುತ್ತದೆ.

ಫಿರಂಗಿಗಳು ಬಂದ ಮೇಲೂ ಸೇನೆಗಳು ಆನೆಯನ್ನು ಬಿಡಲಿಲ್ಲ, ಕೆಲಸ ಮಾತ್ರ ಬದಲಾಯಿತು. 19ನೇ ಶತಮಾನದ ಬ್ರಿಟಿಷ್ ಭಾರತದ ಸೇನೆಯಲ್ಲಿ ಭಾರಿ ತೋಪುಗಳನ್ನು ಆನೆಗಳು ಎಳೆಯುತ್ತಿದ್ದವು. ಗುಂಡು ಹಾರುವ ಜಾಗ ಸಮೀಪಿಸಿದಾಗ ಅವುಗಳನ್ನು ಬಿಚ್ಚಿ ಎತ್ತುಗಳನ್ನು ಕಟ್ಟುವುದು ವಾಡಿಕೆಯಾಗಿತ್ತು.